ಕೊಟ್ರಮ್ಮನ ಉಗುರಿನ ಮೇಲೆ ನಿಂತ ನೀರು

ಮೊನ್ನೆ ಕೂಡ್ಲಿಗಿಯಲ್ಲಿ ಡಾಕ್ಟರಮ್ಮ ನನ್ನ ಕೈ ಬಿಟ್ಟು ನನ್ನ ತಂಗಿಯ ಕೈ ಹಿಡಿದುಕೊಂಡರು.

ಹೋಗಿದ್ದದ್ದು ನನ್ನ ಉಗುರು ತೋರಿಸಲು.

ಅರವತ್ತು ದಾಟಿದ ಮೇಲೆ ನನ್ನ ಉಗುರುಗಳಲ್ಲಿ ಉದ್ದುದ್ದ ಗೆರೆ ಎದ್ದಿವೆ. ಸೀಳುತ್ತವೆ, ಸೆರಗಿಗೆ ಸಿಕ್ಕಿಕೊಳ್ಳುತ್ತವೆ. ಇಂಥ ಗೆರೆ ಬಂದರೆ ಕಿಡ್ನಿ ಕೆಟ್ಟಂತೆ ಎಂದು ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದರು. ಅದನ್ನು ಓದಿದ ಮೇಲೆ ನನಗೆ ಊಟವೇ ಸೇರುತ್ತಿರಲಿಲ್ಲ.

ಒಬ್ಬಳೇ ಹೋಗಲು ಧೈರ್ಯವಾಗದೆ ನನಗಿಂತ ಹನ್ನೆರಡು ವರ್ಷ ಚಿಕ್ಕವಳಾದ ತಂಗಿ ಕೊಟ್ರಮ್ಮನನ್ನು ಜೊತೆಗೆ ಕರೆದೆ. ಇದನ್ನು ಓದುವ ನಮ್ಮ ಬಳಗದ ಹೊಸ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ, ನಮ್ಮಿಬ್ಬರನ್ನೂ ಹೊಸಹಳ್ಳಿಯ ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟರು. ಈಗ ನಡುವೆ ಒಂದು ಗೋಡೆ ಎದ್ದಿದೆ, ಅಷ್ಟೆ. ಬೇಸಿಗೆ ಬಂತೆಂದರೆ ಪಡಸಾಲೆಯಲ್ಲಿ ಹುಣಸೆಹಣ್ಣಿನ ರಾಶಿ ಹಾಕಿಕೊಂಡು ಇಬ್ಬರೂ ಎದುರುಬದುರು ಕೂತು ಕುಟ್ಟುತ್ತೇವೆ, ಬೀಜ ತೆಗೆಯುತ್ತೇವೆ.

ಬಸ್ಸಿನಲ್ಲಿ ಪೂರ್ತಿ ನನ್ನನ್ನು ಆಡಿಕೊಂಡಳು.

"ಉಗುರಿಗೂ ಡಾಕ್ಟರ್ ಬೇಕೇನಕ್ಕ ನಿನಗ? ನಾಳಿ ಕೂದಲು ಉದುರಿದ್ರ ಆಪರೇಷನ್ನ ಮಾಡಿಸ್ಕೊಂತಿ ನೋಡು!"

ಹಾಗೆನ್ನುತ್ತಲೇ ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಹಸಿ ಅಕ್ಕಿ ಬಾಯಿಗೆ ಹಾಕಿಕೊಂಡಳು. ಈಚೆಗೆ ಅವಳಿಗೆ ಅದೊಂದು ಚಟ. ಮನೆಯವರೆಲ್ಲ ಅವಳನ್ನು ಗುಬ್ಬಿ ಎಂದು ಕರೆದು ನಗುತ್ತಿದ್ದೆವು.

ಡಾಕ್ಟರಮ್ಮ ಇನ್ನೂ ಸಣ್ಣ ವಯಸ್ಸಿನವರು. ನನ್ನ ಬೆರಳುಗಳನ್ನೆಲ್ಲ ತಿರುಗಿಸಿ ನೋಡಿ, "ಇದು ವಯಸ್ಸಿಂದಮ್ಮ. ಮುಖದ ಮ್ಯಾಲ ಸುಕ್ಕು ಬರಂಗಿಲ್ಲೇನು, ಹಂಗ ಇದು. ರಾತ್ರಿ ಚೂರು ಕೊಬ್ರಿ ಎಣ್ಣಿ ಹಚ್ಕೊಳ್ರಿ" ಎಂದರು.

ಕೊಟ್ರಮ್ಮ ಕಿಸಕ್ಕನೆ ನಕ್ಕು, ಮೇಜಿಗೆ ಕೈ ಊರಿ ಎದ್ದಳು. ಡಾಕ್ಟರಮ್ಮನ ಕಣ್ಣು ಆ ಕೈ ಮೇಲೆ ಬಿತ್ತು.

"ಕುಂದರ್ರಿ ಅಮ್ಮ. ಎಲ್ಲಿ, ನಿಮ್ಮ ಕೈ ಕೊಡ್ರಿ."

"ನಂದೇನು ನೋಡ್ತೀರಿ? ಹುಣಸಿಹಣ್ಣು ಕುಟ್ಟೋ ಕೈ ಇದು. ಉಗುರು ಕರ್ರಗಾಗಿ ಸವದಾವು."

ಅದೂ ನಿಜವೇ. ಹುಣಸೆಯ ಕಾಲದಲ್ಲಿ ನಮ್ಮೂರಿನ ಯಾವ ಹೆಂಗಸಿನ ಉಗುರೂ ನೆಟ್ಟಗಿರುವುದಿಲ್ಲ. ಹಾಗಾಗಿ ಯಾರೂ ಯಾರ ಉಗುರನ್ನೂ ನೋಡುವುದಿಲ್ಲ.

ಡಾಕ್ಟರಮ್ಮ ಸ್ಪಿರಿಟ್ ಹತ್ತಿಯಿಂದ ಉಜ್ಜಿದರು. ಕಪ್ಪು ಸ್ವಲ್ಪ ಬಿಟ್ಟಿತು. ಕೆಳಗೆ ಸುಣ್ಣದಂಥ ಬಿಳುಪು.

ಆಮೇಲೆ ಆ ಉಗುರಿನ ಮೇಲೆ ಒಂದು ಹನಿ ನೀರು ಬಿಟ್ಟರು.

ಹನಿ ಜಾರಲಿಲ್ಲ. ಚಮಚದಲ್ಲಿ ನಿಂತಂತೆ ಉಗುರಿನ ಗುಳಿಯಲ್ಲಿ ಹಾಗೇ ನಿಂತಿತು...

ನನ್ನ ಉಗುರಿನ ಮೇಲೂ ಬಿಟ್ಟುಕೊಂಡು ನೋಡಿದೆ. ಜಾರಿ ಮೇಜಿಗೆ ಬಿತ್ತು.

"ಮಣ್ಣು, ಅಕ್ಕಿ ಏನಾರ ತಿನ್ನಬೇಕು ಅನಸ್ತೈತೇನ್ರಿ?" ಎಂದು ಕೇಳಿದರು. ನಾನು ಅವಳ ಸೆರಗಿನ ಗಂಟು ನೋಡಿದೆ. ಈ ಸಲ ನಗು ಬರಲಿಲ್ಲ.

"ಮುಟ್ಟು ಎಷ್ಟು ದಿನ ಇರತೈತಿ?"

ಕೊಟ್ರಮ್ಮ ತಲೆ ತಗ್ಗಿಸಿದಳು. ನೆಲಕ್ಕೆ ಹೇಳಿದಂತೆ ಹೇಳಿದಳು, "ನಿಲ್ಲೋದ ಇಲ್ರಿ."

ವರ್ಷದ ಮೇಲಾಯಿತಂತೆ. ದಿನಾ ಎದುರಿಗೆ ಕೂರುವ ನನಗೂ ಹೇಳಿಲ್ಲ.

ಮುಟ್ಟು ನಿಲ್ಲುವ ವಯಸ್ಸಿಗೆ ಹಾರ್ಮೋನು ಏರುಪೇರಾದರೆ ಹೀಗೆ ರಕ್ತ ಹೋಗುವುದುಂಟಂತೆ. ಬೇರೆ ಕಾರಣವೂ ಇರಬಹುದು, ಪರೀಕ್ಷೆ ಮಾಡದೆ ಹೇಳಲಾಗದು ಎಂದರು. ರಕ್ತ ಸೋರಿ ಸೋರಿ ಮೈಯಲ್ಲಿ ಕಬ್ಬಿಣದಂಶ ಖಾಲಿಯಾದಾಗ ಉಗುರು ಹೀಗೆ ಗುಳಿ ಬೀಳುತ್ತದಂತೆ.

ಅಲ್ಲೇ ರಕ್ತ ತೆಗೆಸಿ ಪರೀಕ್ಷೆಗೆ ಕೊಟ್ಟರು. ರಿಪೋರ್ಟ್ ನೋಡಿದ ಮೇಲೆ ಡಾಕ್ಟರಮ್ಮನ ದನಿಯೇ ಬದಲಾಯಿತು. ಹಿಮೋಗ್ಲೋಬಿನ್ ಇರಬೇಕಾದ್ದರಲ್ಲಿ ಅರ್ಧವೂ ಇಲ್ಲ.

"ಇವತ್ತ ಹೊಸಪೇಟೆ ದೊಡ್ಡಾಸ್ಪತ್ರಿಗೆ ಹೋಗ್ರಿ. ಮನಿಗೆ ಹೋಗಿ ಆಮ್ಯಾಲ ಹೋಗ್ತೀವಿ ಅನ್ನಬ್ಯಾಡ್ರಿ."

ಹೊರಗೆ ಬಂದ ಕೊಟ್ರಮ್ಮ ಕಟ್ಟೆಯ ಮೇಲೆ ಕುಳಿತುಬಿಟ್ಟಳು.

"ನಾ ಬರಂಗಿಲ್ಲಕ್ಕ. ಹೋದ ಕೂಡ್ಲೆ ಗರ್ಭಚೀಲ ತೆಗೀತಾರ. ನಮ್ಮ ಓಣಿ ನೀಲಮ್ಮಗ ತೆಗದ ಮ್ಯಾಲ ಆಕಿ ಒಂದಿನ ಆದ್ರೂ ನೆಟ್ಟಗ ಅದಾಳೇನು?"

ಅವಳ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂತೆ. ಒಳಗೆ ಡಾಕ್ಟರಮ್ಮ ಅವಳ ಉಗುರನ್ನು ಒತ್ತಿ ಬಿಟ್ಟು ನೋಡಿದ್ದರಲ್ಲ, ಹಾಗೆಯೇ ನನ್ನ ಉಗುರನ್ನು ಒತ್ತಿ ಬಿಟ್ಟೆ. ಬೆಳ್ಳಗಾಗಿ ಮತ್ತೆ ಕೆಂಪು ಬಂತು.

ಅವಳದನ್ನು ಒತ್ತಿದೆ. ಒತ್ತುವ ಮೊದಲೂ ಬಿಳುಪು, ಬಿಟ್ಟ ಮೇಲೂ ಬಿಳುಪು.

ಅವಳ ಕೈ ಬಿಡದೆ ಅಂದೆ,

"ಲೇ ಕೊಟ್ರಿ, ಚೀಲದ ಮಾತು ಆಮ್ಯಾಲ ನೋಡನು, ಮದಲು ನೀ ಉಳಿ. ನೀ ಏಳದಿದ್ರ ನಾನೂ ಇಲ್ಲೇ ಕುಂದರ್ತೀನಿ. ಇಬ್ರನ್ನೂ ಯಾರಾರ ಹೊತ್ಕೊಂಡು ಹೋಗ್ಲಿ!"

"ಹಟಮಾರಿ ಮುದುಕಿ" ಎಂದಳು. ಆದರೆ ಎದ್ದಳು.

ಆಟೋ ಹತ್ತುವಷ್ಟರಲ್ಲಿ ಏದುಸಿರು. ನನ್ನ ಭುಜಕ್ಕೆ ಒರಗಿದಳು. ಈ ಮೈ ಇಷ್ಟು ಹಗುರಾದದ್ದು ಯಾವಾಗ ಎಂದು ದಾರಿಯುದ್ದಕ್ಕೂ ಯೋಚಿಸಿದೆ.

ಈಗ ಹೊಸಪೇಟೆಯ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಯಾವ ಪುಣ್ಯಾತ್ಮರದೋ ರಕ್ತ, ತೊಟ್ಟುತೊಟ್ಟಾಗಿ ಅವಳ ಮೈಗೆ ಇಳಿಯುತ್ತಿದೆ.

ಗರ್ಭಚೀಲದಿಂದ ಒಂದು ಚೂರು ತೆಗೆದು ಟೆಸ್ಟಿಗೆ ಕಳಿಸಿದ್ದಾರೆ. ಹಾರ್ಮೋನಿನದೇ ಆಗಿರಲಿ, ಆ ಇನ್ನೊಂದು ಆಗದಿರಲಿ... ಅದರ ಹೆಸರನ್ನು ನಾನು ಬಾಯಿಬಿಟ್ಟು ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ. ನರ್ಸ್ ಕೈಯಲ್ಲಿ ಕಾಗದ ಕಂಡರೆ ಸಾಕು, ಎದ್ದು ನಿಲ್ಲುತ್ತೇನೆ.

ಬಳಗಕ್ಕೆ ಬರೆಯಲೇ ಎಂದು ಅವಳನ್ನು ಕೇಳಿದೆ.

"ಅಯ್ಯ, ಗಂಡಸ್ರೂ ಓದ್ತಾರಲ್ಲಕ್ಕ."

"ಓದ್ಲಿ."

ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಿದ್ದೆ ಹೋದಳೆಂದುಕೊಂಡೆ. ಆಮೇಲೆ ಮೆಲ್ಲಗೆ ಅಂದಳು, "ಹಂಗಾರ ಬರಿ. ನನ್ನಂಗ ಇನ್ಯಾರ ಅದಾರೋ."

ನನ್ನನ್ನು ಈಗ ಹೆದರಿಸುತ್ತಿರುವುದು ಅದೇ ಮಾತು. ಓದುತ್ತಿರುವ ನಮ್ಮ ಹೆಣ್ಣುಮಕ್ಕಳೇ, ನಿಮ್ಮಲ್ಲಿ ಯಾರು ಹೀಗೆ ಬಾಯಿ ಮುಚ್ಚಿಕೊಂಡು ಕೂತಿದ್ದೀರಿ?