ಖಾರದ ಡಬ್ಬಿ

ಮಿಸಿಸಾಗದ ಈ ಪುಟ್ಟ ಜಪಾನಿ ಹೋಟೆಲಿನಲ್ಲಿ ಇರುವುದು ಒಂದು ಕೆಂಡದ ಒಲೆ, ಅದರೆದುರು ಉದ್ದನೆಯ ಕೌಂಟರು, ಅಷ್ಟೇ. ಕಡ್ಡಿಗೆ ಪೋಣಿಸಿದ ಕೋಳಿ ಚೂರುಗಳನ್ನು ಸುಟ್ಟವನೇ ನಮ್ಮ ಕೈಗೆ ಕೊಡುತ್ತಾನೆ. ಅಕ್ಕನೂ ನಾನೂ ಭುಜಕ್ಕೆ ಭುಜ ತಾಗುವಂತೆ ಕೂತಿದ್ದರೂ ಮಾತಿಲ್ಲ. ರಜೆಗೆಂದು ಅಕ್ಕನ ಮನೆಗೆ ಬಂದಿದ್ದ ನಾನು, ಉಳಿದ ದಿನ ನ್ಯೂಮಾರ್ಕೆಟ್‌ನ ಗೆಳತಿಯ ಮನೆಯಲ್ಲಿರುತ್ತೇನೆ ಎಂದು ಕಾರಿನಲ್ಲಿ ಹೇಳಿದ್ದೇ ತಪ್ಪಾಗಿತ್ತು. "ನನ್ನ ಮನ್ಯಾಗ ಏನ್ ಕಡಿಮಿ ಆತು?" ಎಂದವಳೇ ಅಕ್ಕ ರೇಡಿಯೊ ಜೋರು ಮಾಡಿದ್ದಳು.

ಒಲೆಯ ಮುಂದಿನವನು ಮೆಣಸಿನ ಪುಡಿಯ ಡಬ್ಬಿ ಚಾಚಿದ. ಅಕ್ಕ ಕೈ ನೀಡಲಿಲ್ಲ. ಅವನ ಕೈ ಹೊಗೆಯಲ್ಲಿ ಹಾಗೇ ನಿಂತಿತು. ಪಕ್ಕದವರು ತಿರುಗಿ ನೋಡಿದರು. "ಪ್ಲೀಸ್, ಕೀಪ್ ಇಟ್ ದೇರ್" ಎಂದು ಅವಳು ಕೌಂಟರು ತೋರಿಸಿದಳು. ಅವನು ಮುಖ ಬಿಗಿದುಕೊಂಡು ಡಬ್ಬಿ ಕುಕ್ಕಿದ. ಧಾರವಾಡ ಬಿಟ್ಟು ಇಷ್ಟು ವರ್ಷವಾದರೂ, ಖಾರವನ್ನು ಕೈಯಿಂದ ಕೈಗೆ ತೆಗೆದುಕೊಂಡರೆ ಜಗಳವಾಗುತ್ತದೆ ಎಂಬ ಅಂಜಿಕೆ ಅವಳನ್ನು ಬಿಟ್ಟಿಲ್ಲ.

ನನಗೆ ರೇಗಿತು. ಡಬ್ಬಿ ಎತ್ತಿ ಅವಳ ಮುಂದೆ ಹಿಡಿದೆ. "ನಮ್ಮದು ಆಗೇ ಹೋಗೇದಲ್ಲ, ತಗೋ."

ಅಕ್ಕ ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು.

"ಕೆಳಗಿಡು" ಎಂದಳು. "ನಮ್ಮ ಜಗಳಾ ಇನ್ನೂ ಆಗಿಲ್ಲ."