ಪೂಜೆಗೆ ಇಟ್ಟ ವೈಫೈ ಪೆಟ್ಟಿಗೆ

ಚಂದ್ರಾ ಲೇಔಟಿನ ನಮ್ಮ ಮನೆಯಲ್ಲಿ ಫೋನಿನ ತಂತಿ ಬಂದು ನಿಲ್ಲುತ್ತಿದ್ದದ್ದು ದೇವರ ಕೋಣೆಯ ಬಾಗಿಲ ಬಳಿ. ಹಾಗಾಗಿ ವೈಫೈ ಪೆಟ್ಟಿಗೆಯೂ ಅಲ್ಲೇ. ಕೈಚೀಲದಲ್ಲಿ ಹಿಡಿಸುವ ನನ್ನ ಪುಟ್ಟ ಕಂಪ್ಯೂಟರಿಗೆ ಅಮ್ಮನ ಕೋಣೆಯಲ್ಲಿ ಸಿಗ್ನಲ್ ಒಂದೇ ಗೆರೆ. ಯಾರೋ ಹೇಳಿದರೆಂದು ಚಪಾತಿ ಸುತ್ತುವ ಫಾಯಿಲ್ ಹಾಳೆಯನ್ನು ಆಂಟೆನಾದ ಹಿಂದೆ ಕಟ್ಟಿದೆ. ಇನ್ನೊಂದು ಗೆರೆ ಬಂತು. ಮೇಲ್ ನೋಡುವವಳಿಗೆ ಅಷ್ಟು ಸಾಕು.

ತಂಗಿಗೆ ಸಾಲದು. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತೂ ಇಲ್ಲ. ಅವಳೂ ಅಮ್ಮನೂ ಅಡುಗೆಮನೆಯಲ್ಲೇ ಕಟ್ಟಿಕೊಂಡ ಕೈಭಾಷೆಯೊಂದಿತ್ತು. ಮೂಗುತಿ ಮುಟ್ಟಿದರೆ ಅಮ್ಮ, ಕೆನ್ನೆಯ ಗುಳಿಗೆ ಬೆರಳಿಟ್ಟರೆ ತಂಗಿ. ನನಗೇ ಅದು ಅರ್ಧಂಬರ್ಧ, ಉಳಿದವರಿಗೆ ಅಷ್ಟೂ ಇಲ್ಲ. ಹುಬ್ಬಳ್ಳಿಗೆ ಕೊಟ್ಟ ಮೇಲೆ ಅವಳ ಪಾಲಿಗೆ ಫೋನು ಇದ್ದೂ ಇಲ್ಲದಂತೆ. ವಿಡಿಯೋದಲ್ಲಿ ಚಿತ್ರ ನಿಂತರೆ ನಮಗೆ ಕಿರಿಕಿರಿ, ಅವಳಿಗೆ ಬಾಯಿ ಮುಚ್ಚಿಸಿದಂತೆ.

ಆ ವರ್ಷ ದಸರಾಕ್ಕೆ ಮುಂಚೆ ಅವಳ ಮಗು ಹೊಟ್ಟೆಯಲ್ಲೇ ಹೋಯಿತು. ಅಮ್ಮನ ಕಾಲಿಗೆ ಪ್ಲಾಸ್ಟರ್, ಮಂಚ ಬಿಟ್ಟು ಏಳುವಂತಿಲ್ಲ. ಮಗಳ ಬಳಿಗೆ ಹೋಗಲಾಗದವಳು ದೇವರನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. ನೇಮದಲ್ಲಿ ಎಲ್ಲೋ ತಪ್ಪಿದ್ದಕ್ಕೇ ಹೀಗಾಯಿತು ಎಂಬ ಅಂಜಿಕೆ ಅವಳಿಗೆ. ನನಗೆ ಅದನ್ನು ಕೇಳಿದರೇ ಸಿಟ್ಟು ಬರುತ್ತಿತ್ತು. ಆಯುಧಪೂಜೆಯ ದಿನ ಮಲಗಿದಲ್ಲಿಂದಲೇ ಅಪ್ಪಣೆ ಕೊಟ್ಟು ಪುಸ್ತಕ, ಕತ್ತರಿ, ಕಂಪ್ಯೂಟರು, ವೈಫೈ ಪೆಟ್ಟಿಗೆ ಎಲ್ಲವನ್ನೂ ಹಿತ್ತಾಳೆ ಮಂಟಪದೊಳಗೆ ಇಡಿಸಿ, ಕುಂಕುಮ ಹಚ್ಚಿಸಿ, ಸೇವಂತಿಗೆ ಮುಡಿಸಿದಳು. ವಿಜಯದಶಮಿಯ ಬೆಳಗಿನವರೆಗೆ ಯಾವುದನ್ನೂ ಎತ್ತುವ ಹಾಗಿಲ್ಲ.

"ಆ ಹಸಿರು ಲೈಟು ಉರೀತಾ ಇರ್ಲಿ ಬಿಡು, ಇನ್ನೊಂದು ದೀಪ" ಎಂದಳು.

ಸಂಜೆ ತಂಗಿಯ ಗಂಡನ ಫೋನು ಬಂತು. "ಅಕ್ಕಾರ, ಆಸ್ಪತ್ರಿಯಿಂದ ಬಂದಾಗಿಂದ ಅಳೂ ಇಲ್ಲ, ಊಟಾನೂ ಇಲ್ರೀ. ಯಾರ ಮುಂದೂ ಕೈ ಎತ್ತವಲ್ಲಳು. ಬಾಜೂ ಮನಿ ಕಂಪ್ಯೂಟರ್ ಮುಂದ ಕುಂದ್ರಿಸೇನಿ. ಅವ್ವಾರನ್ನ ಒಂದೀಟು ತೋರಸ್ರಿ."

ಅಮ್ಮನಿಗೆ ಹೇಳಿದೆ. "ಕಂಪ್ಯೂಟರ್ ತಗೊಂಬಾ" ಎಂದಳು, ಅಷ್ಟೇ.

ತಂದು ಅವಳ ಮಡಿಲ ಬಳಿ ಇಟ್ಟೆ. ವೈಫೈ ಪೆಟ್ಟಿಗೆ ಹಿತ್ತಾಳೆಯ ಮರೆಯಲ್ಲಿದ್ದುದಕ್ಕೆ ಸಿಗ್ನಲ್ ಮತ್ತೆ ಒಂದೇ ಗೆರೆ. ತಂಗಿಯ ಮುಖ ಚೌಕಚೌಕವಾಗಿ ಮೂಡಿತು. ಅವಳು ಕೈ ಎತ್ತಿದಳು, ಚಿತ್ರ ಅಲ್ಲೇ ನಿಂತಿತು. ಮತ್ತೆ ಚಲಿಸಿದಾಗ ಕೈ ತೊಡೆಯ ಮೇಲಿತ್ತು.

"ಕೈ ಇಳಿಸ್ಬಿಟ್ಲು ಕಣೇ. ಆ ಪೆಟ್ಟಿಗೆ ಈಚೆ ತೆಗಿ."

"ಅದೂ ಪೂಜೆಗಿಟ್ಟಿದ್ದಲ್ವಮ್ಮ?"

"ಗೊತ್ತು. ತೆಗಿ. ಪಾಪ ಬಂದ್ರೆ ನಂಗೇ ಬರ್ಲಿ."

ಹೂವಿನ ಸಮೇತ ಎತ್ತಿಕೊಂಡೆ. ತಂತಿ ಅಮ್ಮನ ಕೋಣೆಯ ಹೊಸ್ತಿಲವರೆಗೆ ಎಟುಕಿತು. ಇಡಲು ಜಾಗವಿಲ್ಲದೆ ಎದೆಯ ಮಟ್ಟಕ್ಕೆ ಹಿಡಿದು ಅಲ್ಲೇ ನಿಂತೆ. ಚಿತ್ರ ತಿಳಿಯಾಯಿತು, ಒಂದೊಂದು ಬೆರಳೂ ಕಾಣುವಷ್ಟು.

ತಂಗಿ ತನ್ನ ಮೂಗುತಿ ಮುಟ್ಟಿಕೊಂಡಳು, ಅಮ್ಮಾ ಎಂದು. ಆಮೇಲೆ ಎರಡೂ ತೋಳು ಮಡಚಿ ಮೆಲ್ಲಗೆ ತೂಗಿದಳು, ತೂಗುತ್ತಲೇ ತೋಳು ಬಿಡಿಸಿ ಬರಿಗೈ ತೋರಿಸಿದಳು.

ನನಗೆ ನೋಡಲಾಗಲಿಲ್ಲ. ಅಮ್ಮ ನೋಡಿದಳು. ಸಮಾಧಾನದ ಯಾವ ಸನ್ನೆಯನ್ನೂ ಮಾಡಲಿಲ್ಲ. ಕೆನ್ನೆಯ ಮೇಲೆ ಗುಳಿ ಬೀಳುವಲ್ಲಿ ಬೆರಳಿಟ್ಟಳು, ತಂಗಿಯ ಹೆಸರು. ಆ ಹೆಸರನ್ನು ಎದೆಗೆ ತಂದು, ತೋಳು ಮಡಚಿ ತೂಗತೊಡಗಿದಳು.

ಆಗ ತಂಗಿ ಅತ್ತಳು. ನನ್ನ ತೋಳು ಸೋತಿದ್ದರೂ, ಅಮ್ಮ ತೂಗುವುದನ್ನು ನಿಲ್ಲಿಸುವವರೆಗೆ ನಾನು ಪೆಟ್ಟಿಗೆ ಇಳಿಸಲಿಲ್ಲ.