ಮೀಟರಕ್ಕನ ಇಟಲಿ ಕಾರು

ಮೀಟರಕ್ಕನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಜನ ಹೇಳುವುದುಂಟು. ಸುಳ್ಳು. ಅವಳ ಸಿಟ್ಟಿಗೆ ಮೂಗಿನ ತುದಿ ಎಲ್ಲಿ ಸಾಲಬೇಕು! ಮೂವತ್ತೊಂದು ವರ್ಷ ನೀರಿನ ಕಚೇರಿಗಾಗಿ ಮನೆಮನೆಯ ಮೀಟರು ಓದಿದವಳು. ಮೆಟ್ಟಿಲ ಕೆಳಗೆ, ಗೇಟಿನ ಸಂದಿಯಲ್ಲಿ, ಜಿರಲೆಗಳ ಸಂಸಾರದ ನಡುವೆ ಬಗ್ಗಿ ಬಗ್ಗಿ ಸೊಂಟ ಸವೆಸಿಕೊಂಡವಳು. ಅಯಸ್ಕಾಂತ ಅಂಟಿಸಿ ಮುಳ್ಳು ನಿಲ್ಲಿಸುವವರು, ಮೀಟರನ್ನೇ ಹಿಂದುಮುಂದಾಗಿ ಕೂರಿಸುವವರು, ಅವಳು ಬರುವ ದಿನವೇ ನಾಯಿ ಬಿಚ್ಚುವವರು, ಎಲ್ಲರನ್ನೂ ಕಂಡಿದ್ದಳು. ಅಷ್ಟು ಸುಳ್ಳು ಕಂಡ ಮೇಲೆ ಯಾರಿಗೆ ತಾನೆ ಸಿಟ್ಟು ಬಾರದು?

ಕೆಲಸಕ್ಕೆ ಸೇರಿದ ಮೊದಲ ವರ್ಷ ಅಂಥ ಅಯಸ್ಕಾಂತವೊಂದು ಸಿಕ್ಕಿದ್ದು ಅವಳ ಸ್ವಂತ ಮನೆಯ ಮೀಟರಿನಲ್ಲಿ. ಅಂಟಿಸಿದ್ದವನು ಅಪ್ಪ. "ನಮ್ಮನೇದೊಂದು ಬಿಟ್ಟುಬಿಡು ಮಗಳೇ" ಅಂದ. ಬಿಡಲಿಲ್ಲ. 'ಮೀಟರು ತಿರುಚಲಾಗಿದೆ' ಎಂದು ಬರೆದು, ನಿಯಮದಂತೆ ಅದರ ಕೆಳಗೆ ಅಪ್ಪನ ಸಹಿ ಹಾಕಿಸಿಕೊಂಡಳು. ಅಪ್ಪ ಎರಡು ವರ್ಷ ಮಾತು ಬಿಟ್ಟ. ಇದನ್ನೆಲ್ಲ ನೋಡಿಕೊಂಡೇ ಬೆಳೆದವನು ಅವಳ ತಮ್ಮ. ನೋಡಿ ಕಲಿತದ್ದೇನು ಎಂಬುದು ಮುಂದೆ ಗೊತ್ತಾಗುತ್ತದೆ.

ಅವಳು ಓದಬೇಕಾದ ಬೀದಿಯ ಕೊನೆಯ ಮನೆ ಎಕ್ಸ್‌ರೇ ಯಂತ್ರ ರಿಪೇರಿ ಮಾಡುವವನದು. ಯಾವ ಊರಿನ ಆಸ್ಪತ್ರೆಯಲ್ಲಿ ಯಂತ್ರ ಕೆಟ್ಟರೂ ಅವನೇ ಹೋಗಬೇಕು. ಹೋಗುತ್ತಿದ್ದುದು ಉದ್ದ ಮೂತಿಯ, ಎರಡೇ ಬಾಗಿಲಿನ, ದೂರದ ದಾರಿಗೆಂದೇ ಮಾಡಿದ ಇಟಲಿಯ ಕಾರಿನಲ್ಲಿ. ನೀರಿನ ಮೀಟರು ಶೆಡ್ಡಿನ ಗೋಡೆಯಲ್ಲಿತ್ತು, ಕಾರು ಅದರ ಪಕ್ಕದಲ್ಲಿ. ಎರಡು ತಿಂಗಳಿಗೊಮ್ಮೆ ನೀರಿನ ಅಂಕಿ ಬರೆದುಕೊಂಡು, ಹಾಗೇ ಕಾರಿನ ಕಿಟಕಿಯಿಂದ ಇಣುಕಿ ಅದು ಓಡಿದ ಕಿಲೋಮೀಟರಿನ ಅಂಕಿಯನ್ನೂ ತನ್ನದೇ ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದಳು. ಮೊದಲು ತಮಾಷೆಗೆ. ಆಮೇಲೆ ಅದು ಚಟವಾಯಿತು. ಹತ್ತೊಂಬತ್ತು ವರ್ಷ! ಅಂಕಿ ಒಮ್ಮೆ ಮೂರು ಸಾವಿರ ಏರುತ್ತಿತ್ತು, ಒಮ್ಮೆ ಮುನ್ನೂರು. ಒಮ್ಮೆಯೂ ಸುಳ್ಳು ಹೇಳಲಿಲ್ಲ. ಇಡೀ ಊರಲ್ಲಿ ಅವಳು ಅನುಮಾನಪಡದೆ ಓದಿದ ಮೀಟರು ಅದೊಂದೇ.

ರಿಪೇರಿಯವನು ತೀರಿಕೊಂಡ. ಅವನ ಹೆಂಡತಿ ಕಾರನ್ನು ಗುಜರಿಗೆ ಹಾಕಲು ಹೊರಟಿದ್ದಳು. ಅದೇ ತಿಂಗಳು ನಿವೃತ್ತಳಾದ ಮೀಟರಕ್ಕ ಅದನ್ನು ಕೊಂಡು ತಂದಳು. ಅಂಕಿ ಎರಡು ಲಕ್ಷದ ಎಂಬತ್ತು ಸಾವಿರ ದಾಟಿತ್ತು.

"ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಅಂದಳು ಎದುರುಮನೆಯವಳು, ಕೇಳಿಸಲಿ ಎಂದೇ.

ಕಾರೂ ಏನು ಸಾಧುಪ್ರಾಣಿಯಲ್ಲ. ಕಿಟಕಿಯ ಗಾಜು ಇಳಿಸಿದರೆ ಬಾಗಿಲೊಳಗೇ ಬಿದ್ದುಹೋಗುತ್ತಿತ್ತು. ವೈಪರು ಬಿಸಿಲಲ್ಲಿ ಓಡಿ ಮಳೆಯಲ್ಲಿ ಮುಷ್ಕರ ಹೂಡುತ್ತಿತ್ತು. ಸೀಟಿನ ಚರ್ಮ ಬಿರಿದು ತೊಡೆ ಗೀರುತ್ತಿತ್ತು. ಎಂಜಿನ್ನಿನ ಒಂದು ರಬ್ಬರ್ ವಾಷರಿಗಾಗಿ ಮೂರು ತಿಂಗಳು ಕಾಯಬೇಕು, ಅದೂ ಹಡಗಿನಲ್ಲಿ ಬರಬೇಕು. ಮೆಕ್ಯಾನಿಕ್ಕು ತನ್ನ ಗ್ಯಾರೇಜಿನಲ್ಲಿ ಅವಳಿಗೆಂದೇ ಒಂದು ಕುರ್ಚಿ ಹಾಕಿಟ್ಟಿದ್ದ. ಎಲ್ಲೆಂದರಲ್ಲಿ ನಿಂತಾಗ ಫೋನು ಹೋಗುತ್ತಿದ್ದುದು ಮಹಡಿಯ ಮೇಲೆ ಸಂಸಾರ ಹೂಡಿದ್ದ ತಮ್ಮನಿಗೆ. ಅವನು ಬಂದು ತಳ್ಳಬೇಕು. ಆದರೆ ಊರಾಚೆಯ ಬಸ್ ಡಿಪೋ ದಾಟಿ ಮೂರನೇ ಗೇರಿಗೆ ಹಾಕಿದರೆ ಎಂಜಿನ್ನಿನ ಗಂಟಲು ತೆರೆಯುತ್ತಿತ್ತು. ಮೂವತ್ತೊಂದು ವರ್ಷ ನಡೆದು ದಣಿದ ಕಾಲನ್ನು ಪೆಡಲಿನ ಮೇಲೆ ಊರಿ ಅವಳು ಗಟ್ಟಿಯಾಗಿ ನಗುತ್ತಿದ್ದಳು. ಅವಳಿಗೆ ಸಿಟ್ಟಿಲ್ಲದ ಜಾಗ ಅದೊಂದೇ.

ಹೋದ ವಾರ ತಮ್ಮ, "ಬ್ರೇಕ್ ನೋಡಿಸ್ಕೊಂಡು ಬರ್ತೀನಿ ಕೊಡಕ್ಕ" ಎಂದು ಕೀಲಿ ತೆಗೆದುಕೊಂಡು ಹೋದ. ನಾಲ್ಕು ದಿನ ಬಿಟ್ಟು ಭಾನುವಾರ ಬೆಳಗ್ಗೆ ತೊಳೆದು ಒರೆಸಿ ತಂದು ನಿಲ್ಲಿಸಿದ. ಅವಳು ಖುಷಿಯಾಗಿಯೇ ಒಳಗೆ ಕೂತಳು. ಅಭ್ಯಾಸದಂತೆ ಕಣ್ಣು ಅಂಕಿಯ ಮೇಲೆ ಹೋಯಿತು. ಅರವತ್ತೊಂದು ಸಾವಿರದ ಮುನ್ನೂರು.

ಮೈಯೆಲ್ಲ ಉರಿದುಹೋಯಿತು.

"ಏನೋ ಇದು?"

"ನಾನೇನೂ ಮಾಡ್ಲಿಲ್ಲ, ಗ್ಯಾರೇಜಿನವನೇ ತಿರುಗಿಸ್ಕೊಟ್ಟ" ಅಂದ ತಮ್ಮ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಯಿತು. ಆಮೇಲೆ ಒಂದೊಂದೇ ಬಾಯಿಬಿಟ್ಟ. "ನಿನ್ನ ಒಳ್ಳೇದಕ್ಕೇ ಅಕ್ಕ. ಕಾರು ಕೊಳ್ಳೋಕೆ ಅಂತ ಪರದೆ ಬಟ್ಟೆ ಅಂಗಡಿಯವರು ಈಗ ನೋಡಕ್ಕೆ ಬರ್ತಾರೆ. ಮೂರು ಲಕ್ಷ ಓಡಿದೆ ಅಂದ್ರೆ ಯಾರು ತಗೋತಾರೆ ಹೇಳು? ಎಷ್ಟು ದಿನ ಅಂತ ತಳ್ಳಲಿ ನಾನು? ಬೆನ್ನಲ್ಲಿ ಡಿಸ್ಕು ಜಾರಿದೆ, ಗೊತ್ತಾ?"

"ಡಿಸ್ಕು ಜಾರಿದ್ದು ಗೊತ್ತಿತ್ತು. ಬುದ್ಧಿ ಜಾರಿದ್ದು ಗೊತ್ತಿರಲಿಲ್ಲ."

ಅಷ್ಟರಲ್ಲಿ ಪರದೆ ಅಂಗಡಿಯವನು ಬಂದೇಬಿಟ್ಟ. ಕಾರಿನ ಮೂತಿ ಸವರಿ, ಒಳಗೆ ಬಗ್ಗಿ ನೋಡಿ, "ಬರೀ ಅರವತ್ತೊಂದಾ? ಮಗು ಥರ ಇಟ್ಕೊಂಡಿದ್ದೀರಿ" ಅಂದ. ಮೀಟರಕ್ಕ ಒಳಗೆ ಹೋದಳು. ತಮ್ಮ ಹಿಂದೆಯೇ ಓಡಿದ. "ಸುಮ್ನಿರಕ್ಕ, ನಿನ್ನ ದಮ್ಮಯ್ಯ." ಅವಳು ಬೀರುವಿನಿಂದ ಪುಸ್ತಕ ತಂದು, ಬಂದವನ ಕೈಗೇ ಇಟ್ಟಳು. "ಇದು ಮಗು ಅಲ್ಲ ಸ್ವಾಮಿ, ಅಜ್ಜಿ. ಓದ್ಕೊಳ್ಳಿ." ಅವನು ನಾಲ್ಕು ಹಾಳೆ ತಿರುವಿದ, ಕಾರು ನೋಡಿದ, ತಮ್ಮನ ಮುಖ ನೋಡಿದ. ಪುಸ್ತಕವನ್ನು ಬಾನೆಟ್ಟಿನ ಮೇಲಿಟ್ಟು ಹೊರಟುಹೋದ.

"ಸಮಾಧಾನ ಆಯ್ತಾ?" ತಮ್ಮನೂ ರೇಗಿದ. "ಬಿಡು. ನಾಳೆ ಹೋಗಿ ಮತ್ತೆ ಮುಂದಕ್ಕೆ ತಿರುಗಿಸ್ಕೊಂಡು ಬರ್ತೀನಿ. ಐದು ನಿಮಿಷದ ಕೆಲಸ."

ಆಗ ನೋಡಿ ಅವಳ ನಿಜವಾದ ಸಿಟ್ಟು.

"ಮುಂದಕ್ಕೆ ತಿರುಗಿಸಿದ್ರೆ ನಿಜ ಆಗ್ಬಿಡುತ್ತೇನೋ? ಆ ಎಕ್ಸ್‌ರೇ ಮನುಷ್ಯ ಹತ್ತೊಂಬತ್ತು ವರ್ಷ ಹಗಲೂ ರಾತ್ರಿ ಓಡಿಸಿ ಬರೆದ ಅಂಕಿ ಅದು! ಕೈಯಲ್ಲಿ ತಿರುಗಿಸಿದ್ದು ಹಿಂದಕ್ಕಾದ್ರೇನು, ಮುಂದಕ್ಕಾದ್ರೇನು, ಸುಳ್ಳೇ! ಊರಲ್ಲಿ ಯಾರೂ ಮುಟ್ಟದ್ದು ಇದೊಂದು ಉಳ್ಕೊಂಡಿತ್ತು. ಅದಕ್ಕೂ ನನ್ನ ಮನೆಯವನೇ ಕೈ ಹಾಕ್ಬೇಕಿತ್ತಾ?" ಅತ್ತರೆ ಅವನು ಗೆದ್ದಂತೆ ಎಂದು ಅಳಲಿಲ್ಲ.

ಪುಸ್ತಕ ಬಿಡಿಸಿ ಆ ದಿನದ ತಾರೀಖು ಹಾಕಿದಳು. ಕಳೆದ ಸಲದ ಅಂಕಿ ಎರಡು ಲಕ್ಷದ ಎಂಬತ್ತೇಳು ಸಾವಿರದ ಮುನ್ನೂರು, ಇವತ್ತಿನ ಅಂಕಿ, ಪಕ್ಕದಲ್ಲಿ 'ಮೀಟರು ತಿರುಚಲಾಗಿದೆ.' ಪೆನ್ನು ಅವನತ್ತ ಚಾಚಿದಳು.

"ಸಹಿ ಹಾಕು."

"ನಾನು ನಿನ್ನ ತಮ್ಮ ಕಣಕ್ಕ."

"ಅವತ್ತು ಸಹಿ ಹಾಕಿದವರು ನನ್ನ ಅಪ್ಪ."

ಅವನು ಪೆನ್ನು ಕಸಿದುಕೊಂಡು ಆ ಸಾಲನ್ನು ಓದಿದ. ಆಮೇಲೆ ಸಹಿ ಹಾಕಿದ. ಅಪ್ಪನದೇ ಓರೆ ಅಕ್ಷರ.

"ಇನ್ನು ಎರಡು ಲಕ್ಷದ ಇಪ್ಪತ್ತಾರು ಸಾವಿರ ಓಡಿಸ್ಬೇಕು, ನೀನು ಅಳಿಸಿದ್ದು ವಾಪಸ್ ಬರ್ಬೇಕು ಅಂದ್ರೆ" ಎಂದಳು. "ಕಾರು ಹತ್ತು."

"ನಿನಗೀಗ ಎಷ್ಟು ವಯಸ್ಸು ಅಂತ ಗೊತ್ತಾ?"

"ಅದನ್ನೂ ತಿರುಗಿಸ್ತೀಯಾ? ಹತ್ತೋ!"

ಅವನು ಪಕ್ಕದಲ್ಲಿ ಕೂತ. ಅವಳು ಕೀಲಿ ತಿರುಗಿಸಿದಳು. ಎಂಜಿನ್ನು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದಳು. ಉಸಿರಿಲ್ಲ. ಎದುರುಮನೆಯ ಕಿಟಕಿ ತೆರೆದುಕೊಂಡಿತು. ಎದುರುಮನೆಯವಳು ಬಾಯಿ ತೆರೆಯುವ ಮೊದಲೇ ತಮ್ಮ ಇಳಿದು, ಸೊಂಟಕ್ಕೆ ಕೈ ಕೊಟ್ಟುಕೊಂಡು ಹಿಂದಕ್ಕೆ ಹೋದ.

"ಎರಡನೇ ಗೇರಲ್ಲಿ ಇಡು" ಎಂದು ಕೂಗಿದ.

"ನಂಗೊತ್ತು!"

ತಳ್ಳಿದ. ಕಾರು ಇಪ್ಪತ್ತು ಮಾರು ಉರುಳಿ, ಒದರಿ, ಹಿಡಿದುಕೊಂಡಿತು. ಅವಳು ತಿರುವಿನ ತನಕ ಹೋಗಿ ನಿಲ್ಲಿಸಿದಳು, ಎಂಜಿನ್ನು ಆರಿಸಲಿಲ್ಲ. ಅವನು ಕುಂಟುತ್ತ ಬರುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಪಕ್ಕದ ಬಾಗಿಲನ್ನು ಒಳಗಿನಿಂದ ತೆರೆದು, "ಬೇಗ ಬಾರೋ ಕಳ್ಳ, ಪೆಟ್ರೋಲು ಸುಮ್ನೆ ಉರೀತಿದೆ" ಎಂದು ಬೈದಳು.